ಹಡಗಿನ ಊಟದ ಅರ್ಜಿ

“ಖಾರ ಬ್ಯಾಡ, ಎಣ್ಣಿ ಬ್ಯಾಡ, ಅನ್ನ ಮೆತ್ತಗ ಮಾಡ್ಲಿ ಅಂತ ಬರಿ,” ಎಂದು ಗುರುಶಾಂತವ್ವ ಹೇಳಿದಂತೆ ಮಗಳು ಸೋನಾಲಿ ಹಡಗು ಪ್ರವಾಸದ ಅರ್ಜಿಯ ಊಟದ ಕಾಲಮಿನಲ್ಲಿ ಬರೆಯುತ್ತಿದ್ದಳು. ಮಿರಜಿನ ಪ್ರವಾಸ ಕಚೇರಿಯಲ್ಲಿ ಇಬ್ಬರ ನಡುವೆ ಸೋನಾಲಿಯ ತಂದೆ ಅಪ್ಪಣ್ಣ ಕುಳಿತಿದ್ದ. ಅವನಿಗೆ ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂದಷ್ಟೇ ಹೇಳಿದ್ದರು. ಅದು ಕ್ಯಾನ್ಸರ್, ಆರು ತಿಂಗಳು ದಾಟುವುದು ಕಷ್ಟ ಎಂಬುದು ತಾಯಿ ಮಗಳಿಗೆ ಮಾತ್ರ ಗೊತ್ತಿತ್ತು. ಸಮುದ್ರದ ಮೇಲೆ ನಾಲ್ಕು ದಿನ ಅವನು ಏನೂ ತಿಳಿಯದೆ ಖುಷಿಯಾಗಿರಲಿ ಎಂದು ಇಬ್ಬರೂ ಮಾತಾಡಿಕೊಂಡಿದ್ದರು.

“ದಿನಾ ಐದು ಹೊತ್ತು ಊಟ ಐತ್ರಿ ಕಾಕಾ. ಹೇಳಿದ್ರ ನಿಮ್ಮ ಖೋಲಿಗೇ ತಂದು ಕೊಡ್ತಾರ,” ಎಂದ ಏಜೆಂಟ್ ಸುಭಾಷ.

“ಐದು ಹೊತ್ತು ಉಂಡ್ರ ಹಡಗ ಮುಳಗತೈತೋ,” ಎಂದು ಅಪ್ಪಣ್ಣ ನಕ್ಕ. ಸೋನಾಲಿ ಅವನಿಗಿಂತ ಜೋರಾಗಿ ನಕ್ಕಳು. ಅಪ್ಪಣ್ಣ ಅವಳನ್ನೇ ನೋಡಿದ. ಆಮೇಲೆ ಕೊರಳಲ್ಲಿದ್ದ ಲಿಂಗವನ್ನು ಅಂಗಿಯ ಮೇಲಿಂದಲೇ ಹಿಡಿದುಕೊಂಡು ಕೇಳಿದ: “ನಡು ಸಮುದ್ರದಾಗ ಯಾರರ ಸತ್ರ ಏನ್ ಮಾಡ್ತೀರಿ? ನೀರಿಗಿ ಬಿಡ್ತೀರೇನು? ನಮ್ಮ ಮಂದಿಗಿ ಮಣ್ಣ ಬೇಕಪಾ. ಕುಂಡ್ರಿಸಿ ಮಣ್ಣ ಕೊಡಬೇಕು.”

ಸುಭಾಷ ಗಾಬರಿಯಾದ. “ಹಂಗ್ಯಾಕ ಅಂತೀರಿ ಕಾಕಾ? ಹುಣ್ಣು ಅಂದ್ರಲ್ಲ ಇವರು.”

“ಬರೇ ಹುಣ್ಣಾದವನ್ನ ಮನಿ ಮಂದಿ ಇಷ್ಟು ಖರ್ಚ ಮಾಡಿ ಹಡಗ ಹತ್ತಸೂದಿಲ್ಲ,” ಎಂದ ಅಪ್ಪಣ್ಣ.

ಇಲ್ಲವೆನ್ನಲು ಸೋನಾಲಿ ಬಾಯಿ ತೆರೆದಳು. ಗುರುಶಾಂತವ್ವ ಮಗಳ ಕೈಹಿಡಿದು ಸುಮ್ಮನಾಗಿಸಿದಳು.