ವಿಭೂತಿ ತಿಕ್ಕಿದ ನವಿಲು

ಮೈಲಾರೇಶ ಶಾಲೆಯಲ್ಲಿ ಪಾಠ ಮುಗಿಸಿ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಅವ್ವ ಕೊಟ್ರಬಸಮ್ಮ ಅಂಗೈ ಚಾಚಿದಳು. ಅಂಗೈಯಲ್ಲಿ ಅವನ ಬೆಳ್ಳಿ ನಾಣ್ಯ, ನವಿಲಿನ ಚಿತ್ರದ್ದು, ಬರಿಮೈಯಲ್ಲಿ ಮಲಗಿತ್ತು. ಅದರ ಪ್ಲಾಸ್ಟಿಕ್ ಡಬ್ಬಿ ಪಕ್ಕದಲ್ಲೇ ಬಾಯಿ ತೆರೆದುಕೊಂಡು ಬಿದ್ದಿತ್ತು.

"ನಾಳಿ ದಾವಣಗೇರಿ ಪ್ರದರ್ಶನಕ್ಕ ಒಯ್ಯೋ ಹನ್ನೆರಡು ನಾಣ್ಯದಾಗ ಇದೂ ಒಂದಲ್ಲೇನಪ್ಪಾ? ಸುತ್ತಾಕಡಿ ಕನ್ನಡಿ ಇದ್ದಂಗ ಐತಿ, ನಡುವಿನ ನವಿಲಿಗೆ ಮಾತ್ರ ಬೂದಿ ಹತ್ತಿದಂಗಿತ್ತು. ನೋಡಿದ ಮಂದಿ ಏನಂದಾರು? ವಿಭೂತಿ ಹಚ್ಚಿ ತಿಕ್ಕೀನಿ. ನೋಡು, ಹೆಂಗ ಹೊಳೀತೈತಿ!"

ಸಂಗ್ರಹ ಮಾಡುವವರಿಗೆಂದೇ ಟಂಕಸಾಲೆಯವರು ಮುತುವರ್ಜಿಯಿಂದ ಅಚ್ಚೊತ್ತಿದ ನಾಣ್ಯ ಅದು. ಚಿತ್ರದ ಸುತ್ತಲಿನ ಬಯಲು ಕನ್ನಡಿಯಂತೆ ಥಳಥಳ, ಚಿತ್ರ ಮಾತ್ರ ಮಂಜು ಕವಿದಂತೆ ಬೆಳ್ಳಗೆ. ಆ ಮಂಜೇ ಅದರ ಪ್ರಾಣ. ಕೊಂಡು ಒಂಬತ್ತು ವರ್ಷವಾದರೂ ಒಮ್ಮೆಯೂ ಅವನು ಅದನ್ನು ಬರಿಗೈಯಲ್ಲಿ ಮುಟ್ಟಿರಲಿಲ್ಲ.

ಅಭ್ಯಾಸಬಲದಿಂದ ಕೈ ಜೇಬಿನ ಭೂತಗನ್ನಡಿಗೆ ಹೋಯಿತು. ಹಗರಿಬೊಮ್ಮನಹಳ್ಳಿಯಲ್ಲಿ ಗಣಿತ ಹೇಳಿಕೊಡುವ ಈ ಮೇಷ್ಟ್ರ ಹತ್ತಿರ ಕೂಡ್ಲಿಗಿ, ಹಡಗಲಿ ಕಡೆಯಿಂದಲೂ ಜನ ನಾಣ್ಯ ತಂದು ತೋರಿಸುತ್ತಿದ್ದರು. ಅಚ್ಚು ಸರಿಯಾಗಿ ಕೂತಿಲ್ಲವೆಂದರೆ ಕೂತಿಲ್ಲ, ಗೀರು ಇದ್ದರೆ ಇದೆ. ಎದುರಿಗೆ ಬೀಗರೇ ಇದ್ದರೂ ಮುಲಾಜಿಲ್ಲ. ನಾಣ್ಯದ ವಿಷಯದಲ್ಲಿ ಸುಳ್ಳು ಹೇಳಬಾರದೆಂಬುದು ಅವನ ಹಟ.

ಭೂತಗನ್ನಡಿಯಡಿ ನವಿಲು ಬೋಳಾಗಿ ಕಂಡಿತು. ಗರಿಗಳ ಮೇಲಿನ ಮಂಜೆಲ್ಲ ಹೋಗಿ, ಬಯಲಿನ ತುಂಬ ಕೂದಲೆಳೆಯಂಥ ಗೀರುಗಳು ಸುತ್ತು ಸುತ್ತಾಗಿ ಎದ್ದಿದ್ದವು. ಅವ್ವ ಎಷ್ಟು ಹೊತ್ತು ಕೂತು ತಿಕ್ಕಿದ್ದಾಳೆಂಬುದು ಅದರಲ್ಲೇ ಗೊತ್ತಾಗುತ್ತಿತ್ತು. ಸಿಟ್ಟಿನಿಂದ ತಲೆಯೆತ್ತಿದ.

ಕೊಟ್ರಬಸಮ್ಮ ನೋಯುವ ಮಣಿಕಟ್ಟನ್ನು ನೀವಿಕೊಳ್ಳುತ್ತ ಮಗನ ಮುಖವನ್ನೇ ನೋಡುತ್ತಿದ್ದಳು. ಅವನ ಗಂಟುಮುಖ ಕಂಡು ಅವಳ ನಗು ಸಣ್ಣದಾಯಿತು.

"ಯಾಕಪ್ಪಾ, ಏನರ ಕೆಡಿಸಿದ್ನೇನು?"

ನೀರು ತಂದುಕೊಟ್ಟ ಹೆಂಡತಿ ಸಂಗೀತಾ ಅವನ ಕಿವಿಯ ಹತ್ತಿರ ಪಿಸುಗುಟ್ಟಿದಳು: "ಮದ್ವ್ಯಾಗ ನಮ್ಮಪ್ಪ ಕೊಟ್ಟ ನಾಣ್ಯಕ್ಕ ತುಂಬಿದ ಮನ್ಯಾಗ ಗೀರು ಅದಾವ ಅಂದವ್ರು ನೀವು. ಈಗ ಹೇಳ್ರಿ ನೋಡೂಣು."

ಮೈಲಾರೇಶನಿಗೆ ನಾಣ್ಯ ಹೋದ ಸಂಕಟ ಇತ್ತು. ಅದಕ್ಕಿಂತ ಹೆಚ್ಚಾಗಿ, ಇಡೀ ಮಧ್ಯಾಹ್ನ ತನಗೋಸ್ಕರ ಕೂತು ತಿಕ್ಕಿದ ಅವ್ವನ ಮೇಲೆ ಅಕ್ಕರೆ ಉಕ್ಕಿ ಬಂತು. ಭೂತಗನ್ನಡಿ ಮಡಿಚಿ ಜೇಬಿಗಿಟ್ಟ.

"ಇಲ್ಲವ್ವಾ, ಭಾಳ ಚಲೋ ಆಗೈತಿ. ಒಂದು ಗೀರಿಲ್ಲ, ನಂಬರ್ ಒನ್!"

ಜೀವಮಾನದಲ್ಲಿ ಮೊದಲ ಸಲ ಅವನು ಒಂದು ನಾಣ್ಯಕ್ಕೆ ಸುಳ್ಳು ದರ್ಜೆ ಕೊಟ್ಟಿದ್ದ. ಕೊಟ್ರಬಸಮ್ಮನ ಮುಖ ಊರಗಲವಾಯಿತು. ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ವಿಭೂತಿಯ ಬಟ್ಟಲನ್ನು ಹತ್ತಿರ ಎಳೆದುಕೊಂಡಳು.

"ಹಂಗಾರ ಉಳಿದ ಹನ್ನೊಂದೂ ಇತ್ಲಾಗ ತಾರಪ್ಪಾ. ನಾಳಿ ಎಲ್ಲಾವೂ ಒಂದೇ ಸಮ ಹೊಳೀಲಿ."