ಮೊದಲು ನಾಯಿ, ಆಮೇಲೆ ಹೆಸರು

ಮಹಾನಗರಕ್ಕೆ ವರ್ಗವಾಗಿತ್ತು. ಹೆಂಡತಿಯನ್ನೂ ಪುಟ್ಟ ಮಗಳನ್ನೂ ಕರೆದುಕೊಂಡು ಅವನು ಬಾಡಿಗೆ ಮನೆಗಾಗಿ ಬೀದಿ ಬೀದಿ ಅಲೆಯುತ್ತಿದ್ದ. ಬಾಗಿಲು ತೆರೆದವರು ಹೆಸರು ಕೇಳುವ ಮೊದಲೇ, “ನಮ್ಮ ಹತ್ರ ಒಂದು ನಾಯಿ ಇದೆ” ಎಂದುಬಿಡುತ್ತಿದ್ದ.

“ನಾಯಿ ಆಗಲ್ಲ ಸರ್. ಪಾರ್ಕ್ ಹಿಂದಿನ ರೋಡಲ್ಲಿ ಕೇಳಿ ನೋಡಿ, ಅಲ್ಲಿ ಮನೆಗೊಂದು ನಾಯಿ ಸಾಕಿದಾರೆ,” ಎಂದು ಈ ಮನೆಯ ಯಜಮಾನರೂ ಬಾಗಿಲು ಹಾಕಿಕೊಂಡರು.

ಹೆಂಡತಿ ಚಪ್ಪಲಿಗೆ ಸಿಕ್ಕಿದ ಕಲ್ಲು ಕೊಡವುತ್ತ ಕೇಳಿದಳು, “ಇನ್ನೂ ಎಷ್ಟು ದಿನ ಹಿಂಗೇ ಹೇಳ್ತೀರಿ?”

“ನಾಯಿಗೆ ಜಾಗ ಕೊಡೋರು ನಮಗೂ ಕೊಡ್ತಾರೆ. ಬೇಡ ಅಂದ್ರೂ ನಾಯಿಗೆ ಅಂದಂಗಾಗುತ್ತೆ, ಬಿಡು.”

ಪಾರ್ಕಿನ ಹಿಂದೆ ಒಂದು ಮನೆಯ ಮಹಡಿ ಖಾಲಿಯಿತ್ತು. ಜಗಲಿಯ ಮೇಲೆ ಕೂತಿದ್ದ ಅಜ್ಜಿ ತಮ್ಮ ಬಿಳಿ ನಾಯಿಯ ತಲೆ ಸವರುತ್ತಿದ್ದರು. ಅವನ ಮಾತು ಕೇಳಿ ಅವರ ಮುಖ ಅರಳಿತು.

“ನಾಯಿ ಇರೋರೇ ಬಂದ್ರೆ ಸಾಕು ಅಂತಿದ್ದೆ. ಹಿತ್ತಲಲ್ಲಿ ಜಾಗ ಇದೆ, ಎರಡೂ ಆಡ್ಕೊಂಡಿರ್ತವೆ. ಕೂತ್ಕೊಳ್ಳಿ, ಕಾಫಿ ಮಾಡ್ತೀನಿ. ಹೆಸರೇನಪ್ಪ ನಿಮ್ದು?”

ಅವನು ಹೆಸರು ಹೇಳಿದ. ನಾಯಿಯ ತಲೆಯ ಮೇಲಿದ್ದ ಕೈ ಅಲ್ಲೇ ನಿಂತಿತು.

“ನನ್ನ ಮಗನ್ನ ಒಂದ್ಮಾತು ಕೇಳಿ ಫೋನ್ ಮಾಡ್ತೀನಿ,” ಎಂದು ಅಜ್ಜಿ ಎದ್ದು ಒಳಗೆ ಹೋದರು. ನಂಬರ್ ಕೇಳಲಿಲ್ಲ.

ಗೇಟು ದಾಟಿದ ಮೇಲೆ ಮಗಳು ಅವನ ಕೈ ಜಗ್ಗಿ ಮೆಲ್ಲಗೆ ಕೇಳಿದಳು, “ನಮ್ಮ ಹತ್ರ ನಾಯಿ ಇಲ್ಲ ಅಂತ ಅವರಿಗೆ ಗೊತ್ತಾಗೋಯ್ತಾ ಅಪ್ಪಾ?”