ಎಲೆ-ಅಡಿಕೆಗೆ ಹೋದ ಗಂಡ

ನಾಟಕ ಮುಗಿದ ಮೇಲೆ ಅದರ ಪಾತ್ರಗಳು ಊರಲ್ಲೇ ಬಾಡಿಗೆ ಮನೆ ಹಿಡಿಯುವುದು ಗದುಗಿನಲ್ಲಿ ವಾಡಿಕೆ. ಹಾಗಾಗಿ ಬೆಳಗ್ಗೆ ಬಾಗಿಲು ತಟ್ಟಿದ ತುಂಗವ್ವನನ್ನು ಕಂಡು ನಾಟಕಕಾರ ವಿರೂಪಣ್ಣ ಮಾಸ್ತರರಿಗೆ ಆಶ್ಚರ್ಯವಾಗಲಿಲ್ಲ, ತಲೆನೋವಾಯಿತು. ಅವಳು ಅವರದೇ ಸಾಂಸಾರಿಕ ಸಂಗೀತ ನಾಟಕ ‘ಅತ್ತಿಮನಿ ಕತ್ತಿ’ಯ ಅತ್ತೆ.

“ಮಾಸ್ತರ್ರೀ, ನಾಟಕ ತಿದ್ದಿ ಮತ್ತ ಆಡಸ್ರಿ.”

“ಮೂರ ದಿನಕ್ಕ ನೆಲಾ ಕಚ್ಚಿದ ನಾಟಕವ್ವಾ ಅದು! ಕಡೀಕ ಗಂಡನ್ನ ಬೈಯೋ ನಿನ್ನ ಹಾಡು ಸುರು ಆತಂದ್ರ ಮಂದಿ ಎದ್ದು ಹೋಗ್ತಿದ್ರು. ಅಷ್ಟು ಉದ್ದ!”

“ಹಾಡು ಇರಲಿ. ಎರಡನೇ ಅಂಕದಾಗ ನನ್ನ ಗಂಡ ಭರಮಪ್ಪನ್ನ ಎಲಿ-ಅಡಿಕಿ ತರಾಕ ಕಳಿಸಿದ್ರಿ. ವಾಪಸ್ ಕರಸೋದು ಮರತ್ರಿ. ಇಪ್ಪತ್ತು ವರ್ಷಾತು.”

ಮಾಸ್ತರರು ಹಸ್ತಪ್ರತಿ ತಿರುವಿದರು. ಅವಳು ಹೇಳಿದ್ದು ನಿಜವಾಗಿತ್ತು.

“ಅಂವ ಬರಲೇ ಇಲ್ಲಂತ ಒಬ್ರಿಗೂ ಗೊತ್ತಾಗಲಿಲ್ಲಲ್ಲ!”

“ನನಗ ಗೊತ್ತಾತಲ್ರೀ.”

ಮಾಸ್ತರರು ಪೆನ್ನು ತೆಗೆದು, ಆ ಹಾಡಿಗೆ ಮುಂಚೆ ಒಂದು ಸಾಲು ಸೇರಿಸಿದರು: ಭರಮಪ್ಪ ಬರುತ್ತಾನೆ.

ಭರಮಪ್ಪ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿದ್ದ ಎಲೆ ಇನ್ನೂ ಬಾಡಿರಲಿಲ್ಲ.

“ಅಂಗಡ್ಯಾಗ ಭಾಳ ಗದ್ದಲ ಇತ್ತು,” ಎಂದ.

ತುಂಗವ್ವ ಸೆರಗು ಸಿಕ್ಕಿಸಿ ಹಾಡು ಎತ್ತಿದಳು. ಪೂರ್ತಿ ಅರ್ಧ ತಾಸು ಹಾಡಿದಳು. ಮಾಸ್ತರರಿಗೆ ಒಂದು ಸಾಲೂ ಹೆಚ್ಚೆನಿಸಲಿಲ್ಲ.